ಮಗಳ ಪಾರ್ಟು

ನಿನ್ನೆ ಭಾನುವಾರ ಮಧ್ಯಾಹ್ನ ಮಗಳು ಫೋನಿನಲ್ಲಿ ಸಿನಿಮಾ ಹಾಕಿಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. ಕಥೆಯಲ್ಲಿ ಅಪ್ಪ ಅಮ್ಮ ಡೈವೋರ್ಸ್ ತಗೊಂಡಿದ್ದಾರೆ, ಮಕ್ಕಳು ಏನೇನೋ ಕಿತಾಪತಿ ಮಾಡಿ ಅವರನ್ನು ಒಂದು ಮಾಡುತ್ತವೆ. ಹಾಲುಬಣ್ಣದ ಮಕ್ಕಳು, ಅರಮನೆಯಂಥ ಮನೆ. ನಮ್ಮ ಬಣ್ಣದವಳು ಅದರಲ್ಲಿ ಒಬ್ಬಳೇ. ಪೊರಕೆ ಹಿಡಿದು ಬಂದು, ಜಾರಿ ಬಿದ್ದು, ನಗಿಸಿ ಹೋದಳು. ನನಗೆ ಮೈಯೆಲ್ಲ ಉರಿಯಿತು. ಆ ಪಾರ್ಟು ನಾನೂ ಮಾಡಿದವಳು ಸ್ವಾಮಿ.

ಆಗ ನಾನು ಶಿಡ್ಲಘಟ್ಟದಲ್ಲಿ ಏಳನೇ ಕ್ಲಾಸು. ಅಪ್ಪ ಅಮ್ಮ ಕೋರ್ಟಿನಲ್ಲಿ ಬೇರೆಯಾಗಿ, ಅಪ್ಪ ಗೌರಿಬಿದನೂರು ಸೇರಿದ್ದ. ಅಮ್ಮ ಕಚೇರಿಯೊಂದರಲ್ಲಿ ಕಸ ಗುಡಿಸುತ್ತಿದ್ದಳು. ಮನೆಯಲ್ಲಿ ಮಾತ್ರ ನನಗೆ ಪೊರಕೆ ಮುಟ್ಟಗೊಡುತ್ತಿರಲಿಲ್ಲ. "ನಿನ್ ಕೈಲಿ ಪೆನ್ನಿರ್ಲಿ, ಇದಕ್ಕೆ ನಾನಿದೀನಿ" ಅನ್ನುವಳು. ಮೈಗಳ್ಳಿಯಾದ ನನಗೆ ಅದು ಪರಮಸುಖ.

ತಿಂಗಳಿಗೊಂದು ಭಾನುವಾರ ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹಸ್ತಾಂತರ. ಇಬ್ಬರಿಗೂ ಮಾತಿಲ್ಲ. ಮಾರು ದೂರದಲ್ಲಿ ನಿಂತು ಅಮ್ಮ, "ನಿಮ್ಮಪ್ಪಂಗೆ ಹೇಳಮ್ಮ, ಬೋಂಡ ಗೀಂಡ ತಿನ್ನಿಸ್ಬೇಡ ಅಂತ" ಅನ್ನುವಳು. "ನಿಮ್ಮಮ್ಮಂಗೆ ಹೇಳು, ನಂಗೂ ಬುದ್ಧಿ ಐತೆ ಅಂತ" ಅನ್ನುವನು ಅಪ್ಪ. ಇಬ್ಬರಿಗೂ ಕೇಳಿಸಿದ್ದನ್ನೇ ನಾನು ಮಧ್ಯೆ ನಿಂತು ಮತ್ತೆ ಒಪ್ಪಿಸಬೇಕು. ಮಗ್ಗಿ ಒಪ್ಪಿಸಿದ ಹಾಗೆ ತಪ್ಪಿಲ್ಲದೆ ಒಪ್ಪಿಸುತ್ತಿದ್ದೆ.

ಆ ವರ್ಷ ಸ್ಕೂಲ್ ಡೇಗೆ ನಮ್ಮ ಮೇಷ್ಟ್ರು ಈ ಸಿನಿಮಾದಂಥದ್ದೇ ಒಂದು ನಗೆನಾಟಕ ಬರೆಯಹೊರಟರು. ಡೈವೋರ್ಸ್ ಕಂಡ ಮಗು ಇಡೀ ಸ್ಕೂಲಿಗೆ ನಾನೊಬ್ಬಳೇ. "ಹೆಂಗಿರುತ್ತಮ್ಮ ಅದು?" ಎಂದು ಕರೆದು ಕೇಳಿದರು. ಮಗಳ ಪಾರ್ಟು ನನಗೇ ಅಂದುಕೊಂಡು ಬಸ್‌ಸ್ಟ್ಯಾಂಡಿನದನ್ನೆಲ್ಲ ಅಭಿನಯ ಸಮೇತ ತೋರಿಸಿದೆ. ಸ್ಟೇಜಿನ ಮೇಲೆ ನಾನು ಆ ಅಪ್ಪ ಅಮ್ಮನನ್ನು ಒಂದು ಮಾಡಿದರೆ, ಕೆಳಗೆ ಕೂತ ನನ್ನ ಅಪ್ಪ ಅಮ್ಮನೂ ಒಂದಾಗಿಬಿಡುತ್ತಾರೆ ಅನ್ನುವ ಆಸೆ. ನಗಬೇಡಿ, ಹನ್ನೆರಡು ವರ್ಷದ ಬುದ್ಧಿ ಅದು.

ಮಗಳ ಪಾರ್ಟು ಹೋದದ್ದು ತೋಟ ತುಡಿಕೆಯಿದ್ದ ಗೌಡರ ಮನೆ ಹುಡುಗಿಗೆ. "ದೊಡ್ಡಮನೆ ಮಗಳು ಅಂದ್ರೆ ನೋಡಕ್ಕೂ ಹಂಗೇ ಇರ್ಬೇಕಲ್ವೇನಮ್ಮ?" ಅಂದರು ಮೇಷ್ಟ್ರು, ಬಲು ಮೃದುವಾಗಿ. ಊರಾಚೆ ಕಾಲೋನಿಯಿಂದ ಬರುತ್ತಿದ್ದ ನನಗೆ ಕೆಲಸದವಳ ಪಾರ್ಟು. ಒಂದು ಪೊರಕೆ, ಒಂದು ಜಾರಿ ಬೀಳುವುದು, ಮಾತಿಲ್ಲ.

ನಾಟಕಕ್ಕೆ ಅಪ್ಪನೂ ಬಂದಿದ್ದ. ಗೌಡರ ಹುಡುಗಿ ಮಧ್ಯೆ ನಿಂತು ನನ್ನ ಮಾತುಗಳನ್ನೆಲ್ಲ ಆ ಕಡೆ ಈ ಕಡೆ ಒಪ್ಪಿಸುತ್ತಿದ್ದರೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನೂ ನಕ್ಕ! ಆಮೇಲೆ ನಾನು ಪೊರಕೆ ಹಿಡಿದು ಬಂದೆ. ಅಮ್ಮ ದಡಕ್ಕನೆ ಎದ್ದು ಹೊರಟುಹೋದಳು. ಮನೆಯ ಗುಟ್ಟನ್ನು ಊರ ಮುಂದೆ ಬಿಚ್ಚಿಟ್ಟೆನಲ್ಲ, ಅದಕ್ಕೇ ಎದ್ದಳು ಎಂದುಕೊಂಡೆ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಇಷ್ಟು ವರ್ಷ ಆ ಪಾಪ ಹೊತ್ತುಕೊಂಡೇ ತಿರುಗಿದೆ.

ನಿನ್ನೆ ತಡೆಯಲಾಗದೆ ಅಮ್ಮನಿಗೆ ಫೋನು ಮಾಡಿದೆ. "ಅಮ್ಮ, ಆ ಸ್ಕೂಲ್ ನಾಟಕಕ್ಕೆ ಬಸ್‌ಸ್ಟ್ಯಾಂಡ್ ವಿಷ್ಯ ಮೇಷ್ಟ್ರಿಗೆ ಹೇಳಿದ್ದು ನಾನೇ. ಅದಕ್ಕೇ ಅಲ್ವಾ ನೀನು ಎದ್ದೋಗಿದ್ದು?"

"ಇನ್ಯಾರೇ ಹೇಳ್ತಾರೆ? ಅದಕ್ಕಾ ನಾನು ಎದ್ದೋಗಿದ್ದು? ನಗೋರು ನಗ್ಲಿ ಅಂತ ಕೂತೇ ಇದ್ನಲ್ಲೇ. ನಿನ್ ಕೈಗೆ ಪೊರಕೆ ಕೊಟ್ಟು ಕಳಿಸಿದ್ರಲ್ಲ, ಅದನ್ನ ನೋಡಕ್ಕಾಗ್ಲಿಲ್ಲ ಕಣೇ."

ಫೋನಿಟ್ಟು ಬಂದರೆ ಮಗಳು ಆ ಜಾರಿ ಬೀಳುವ ಸೀನನ್ನೇ ಮತ್ತೆ ಹಾಕಿಕೊಂಡು ನಗುತ್ತಿದ್ದಳು. ಪಕ್ಕದಲ್ಲಿ ಕೂತು, "ಅದನ್ನ ನಿಲ್ಸಮ್ಮ. ಅವಳು ಯಾರು ಅಂತ ಹೇಳ್ತೀನಿ" ಅಂದೆ.