ಕುಸುಮಕ್ಕ ದುಭಾಷಿಯಾಗಿ ಭೋರಿಗೆ ಹೋದದ್ದು

ನನ್ನ ಅಕ್ಕ ಕುಸುಮಳಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತವೆ, ಆಮೇಲೆ ದನಿ ಸಣ್ಣಗಾಗುತ್ತದೆ. ದನಿ ಸಣ್ಣಗಾಯಿತೆಂದರೆ ಮನೆಮಂದಿಯೆಲ್ಲ ಏನಾದರೊಂದು ಕೆಲಸ ಹುಡುಕಿಕೊಂಡು ಎದ್ದುಹೋಗುತ್ತಿದ್ದೆವು. ನಮ್ಮ ಅಪ್ಪ ಈರಬಸಪ್ಪ ಜಮಖಂಡಿಯಿಂದ ಬಂದು ಪುಣೆಯ ಭವಾನಿ ಪೇಠೆಯಲ್ಲಿ ಬೆಲ್ಲದ ಅಂಗಡಿಯ ಗುಮಾಸ್ತನಾಗಿದ್ದವನು. ಮಾಲೀಕನ ಎದುರು ಒಂದು ದಿನವೂ ದನಿ ಎತ್ತದವನು. ಅವನು ನುಂಗಿದ ಸಿಟ್ಟೆಲ್ಲ ಅಕ್ಕನ ಪಾಲಿಗೆ ಬಂದಿತ್ತೆಂದು ನಾನು ತಿಳಿದಿದ್ದೇನೆ.

ಬಿ.ಕಾಂ. ಮುಗಿದ ಮೇಲೆ ಅಕ್ಕ ಟಿಳಕ ರಸ್ತೆಯಲ್ಲಿ ಸಂಜೆ ಜಪಾನಿ ಕ್ಲಾಸಿಗೆ ಸೇರಿದಳು. ತೊಂಬತ್ತರ ದಶಕದ ಪುಣೆಯಲ್ಲಿ ಅದೊಂದು ಹುಚ್ಚೇ ಆಗಿತ್ತು. ಜಪಾನಿನ ಕೋಬೆಯಲ್ಲಿ ಹತ್ತಾರು ವರ್ಷ ಇದ್ದು ಬಂದ ಮರಾಠಿ ಹೆಣ್ಣುಮಗಳೊಬ್ಬರು ಕಲಿಸುತ್ತಿದ್ದರು. "ಇಂಗ್ಲಿಷ್ ಯಾಕ ಬ್ಯಾಡ?" ಎಂದು ಅಪ್ಪ ಕೇಳಿದಾಗ ಅಕ್ಕ, "ಇಂಗ್ಲಿಷ್ ಎಲ್ಲಾರಿಗೂ ಬರತದ. ಅದರಾಗ ನನ್ನ ಮಾತು ಯಾರ ಕೇಳತಾರ?" ಅಂದಿದ್ದಳು.

ಕಲಿತಾದ ಮೇಲೆ ಭೋಸರಿಯಲ್ಲಿ ಜಪಾನಿನವರ ಪಾಲಿದ್ದ ಒಂದು ಗಿಯರ್ ಕಾರ್ಖಾನೆಯಲ್ಲಿ ದುಭಾಷಿಯ ಕೆಲಸ ಸಿಕ್ಕಿತು. ಅಲ್ಲಿ ಅವಳ ಮಾತನ್ನು ಎಲ್ಲರೂ ಕೇಳುತ್ತಿದ್ದರು, ಆದರೆ ಅದು ಅವಳ ಮಾತಾಗಿರಲಿಲ್ಲ. ಯಂತ್ರ ನಿಂತರೆ ನಮ್ಮ ಎಂಜಿನಿಯರು "ಬಿಡಿಭಾಗ ನಾಳೆ ಬರುತ್ತದೆ" ಎಂದು ಸುಳ್ಳು ಹೇಳುವನು. ಅಕ್ಕ ಅದನ್ನು ಜಪಾನಿಯಲ್ಲಿ ಹೇಳಬೇಕು. ಜಪಾನಿ ಸಾಹೇಬ ಕೆರಳಿ ಅಕ್ಕನ ಮುಖ ನೋಡಿಯೇ ಬಯ್ಯುವನು. ಅದನ್ನು ಹಿಂದಿಯಲ್ಲಿ ಹೇಳಿದರೆ ಎಂಜಿನಿಯರೂ ಅಕ್ಕನ ಮೇಲೆಯೇ ಹರಿಹಾಯುವನು. ಊಟದ ಹೊತ್ತಿಗೆ ಇಬ್ಬರೂ ಒಂದೇ ಮೇಜಿಗೆ ಕೂತರೆ ಅಕ್ಕನ ಕುರ್ಚಿ ಅವರ ಬೆನ್ನ ಹಿಂದೆ. ಅವರು ತಿನ್ನುತ್ತಾರೆ, ಇವಳು ಮಾತಾಡುತ್ತಾಳೆ. ಮನೆಗೆ ಬಂದು ಚಪ್ಪಲಿ ಮೂಲೆಗೆ ಎಸೆದು, "ಇವರ ಬೈಗುಳ ಹರಿಯಾಕ ನಾನೇನು ನಳದ ಪೈಪ?" ಅನ್ನುತ್ತಿದ್ದಳು.

ಒಮ್ಮೆ ಸೊಲ್ಲಾಪುರದಿಂದ ಹೆಣ್ಣು ನೋಡಲು ಬಂದಿದ್ದರು. ಹುಡುಗನ ಸೋದರಮಾವ ಚಹಾ ಹೀರುತ್ತ ಕೇಳಿದ: "ಅಂದ್ರ, ದಿನಾ ಪರದೇಶದ ಗಂಡಸರ ಮಗ್ಗಲಾಗ ಕುಂಡ್ರೋ ಕೆಲಸ ಅನ್ರಿ?"

ಅಕ್ಕನ ದನಿ ಸಣ್ಣಗಾಯಿತು. "ಮಗ್ಗಲಾಗ ಅಲ್ರಿ, ನಡುವ ಕುಂಡ್ರತೀನಿ. ಚಹಾ ಆತಲ್ಲ, ಏಳ್ರಿ ಇನ್ನ."

ಅವರು ಎದ್ದರು. ಅವ್ವ ತಿಂಗಳುಗಟ್ಟಲೆ ಅಕ್ಕನ ಜೊತೆ ಮಾತು ಬಿಟ್ಟಳು.

ಇಸವಿ ಎರಡು ಸಾವಿರದ ಮೂರರ ಚಳಿಗಾಲದಲ್ಲಿ ಅವಧೂತ ಎಂಬಾತ ಮನೆ ಹುಡುಕಿಕೊಂಡು ಬಂದ. ಅಥಣಿ ಕಡೆಯವನು, ಪುಣೆಯ ಸುತ್ತ ಸಿನಿಮಾ ಚಿತ್ರೀಕರಣಕ್ಕೆ ಊಟ, ಗಾಡಿ, ಜನ ಎಲ್ಲ ಒದಗಿಸುವವನು. ಪುಣೆಯ ಹತ್ತಿರದ ಭೋರಿನಲ್ಲಿ, ರಾಜವಾಡೆಯೆಂಬ ಹಳೆಯ ಅರಮನೆಯಲ್ಲಿ ಒಂದು ಹಿಂದಿ ಸಿನಿಮಾದ ಚಿತ್ರೀಕರಣ ನಡೆಯುವುದಿತ್ತು. ಜಪಾನಿನ ನಟಿಯೊಬ್ಬಳು ಬರುವವಳಿದ್ದಳು, ಅವಳಿಗೊಬ್ಬ ದುಭಾಷಿ ಬೇಕಾಗಿತ್ತು.

"ಭಾಳ ದೊಡ್ಡ ಸ್ಟಾರ್ ಅಂತ್ರಿ. ಹಾಡೋ ಗುಂಪಿನಾಗ ಇದ್ದಾಕಿ. ನೀವು ಹೆಚ್ಚಿಗಿ ಏನೂ ಮಾಡೋದು ಬ್ಯಾಡ, ನಾವ್ ಅಂದಿದ್ದನ್ನ ಆಕಿಗೆ ಹೇಳಿದ್ರ ಆತು," ಅಂದ. ಅಕ್ಕ ಕಾರ್ಖಾನೆಗೆ ರಜೆ ಹಾಕಿದಳು. ಶೂಟಿಂಗ್ ನೋಡುವ ಆಸೆಗೆ ಅವಳ ತಂಗಿ ನೀತಾ, ಅಂದರೆ ನಾನೂ ಬೆನ್ನು ಹತ್ತಿದೆ.

ನಟಿಯ ಹೆಸರು ಕೊತೊಮಿ. ವಯಸ್ಸು ಇಪ್ಪತ್ನಾಲ್ಕಿರಬೇಕು. ಚಹಾ ಕೊಟ್ಟವನಿಗೂ ಬಾಗಿ ನಮಸ್ಕಾರ ಮಾಡುವಳು, ದೀಪ ಹೊತ್ತವನಿಗೂ ಬಾಗುವಳು. ಕ್ಯಾಮೆರಾ ಕಂಡ ಕೂಡಲೇ ಮುಖದ ಮೇಲೆ ನಗು ಬರುತ್ತಿತ್ತು, ಕ್ಯಾಮೆರಾ ತಿರುಗಿದ ಕೂಡಲೇ ಹೋಗುತ್ತಿತ್ತು. ಅವಳ ಜೊತೆ ಟೋಕಿಯೊದ ಕಂಪನಿಯ ಮ್ಯಾನೇಜರ್ ಓನೊ ಎಂಬವನಿದ್ದ. ಅವಳು ಏನು ತಿನ್ನಬೇಕು, ಯಾರ ಜೊತೆ ಮಾತಾಡಬೇಕು, ಎಲ್ಲವೂ ಅವನು ಹೇಳಿದಂತೆ.

ಮೊದಲ ದಿನ ಪುಣೆಯಿಂದ ಭೋರಿಗೆ ಹೋಗುವಾಗ ಕಾತ್ರಜ ಘಾಟಿನಲ್ಲಿ ಮುಂದೊಂದು ಲಾರಿ ಕೆಟ್ಟು ನಮ್ಮ ಕಾರು ನಿಂತಾಗ ಓನೊ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ. ಆಗ ಕೊತೊಮಿ ಅಕ್ಕನಿಗೆ ತನ್ನ ಕತೆ ಹೇಳಿದಳು. ಅಕ್ಕ ನನಗೆ ಕನ್ನಡದಲ್ಲಿ ಪಿಸುಗುಟ್ಟುತ್ತ ಹೋದಳು. ಹದಿಮೂರನೇ ವಯಸ್ಸಿಗೆ ತಾಯಿಯೇ ಅವಳನ್ನು ಹಾಡುವ ಹುಡುಗಿಯರ ಗುಂಪಿಗೆ ಸೇರಿಸಿದ್ದಳು. ಗೆಳೆಯರಿರಬಾರದು, ದಪ್ಪಗಾಗಬಾರದು, ಅಳುವುದಿದ್ದರೆ ವೇದಿಕೆಯ ಮೇಲೆಯೇ ಅಳಬೇಕು. ಅಭಿಮಾನಿಗಳು ಸಾಲಾಗಿ ಬಂದು ಕೈ ಕುಲುಕುವರು. ಸಂಜೆಗೆ ಅಂಗೈ ಊದಿರುತ್ತಿತ್ತು. ಇಪ್ಪತ್ತು ದಾಟಿದ್ದೇ ಕಂಪನಿಯವರು ಗುಂಪು ಮುಚ್ಚಿ, ನೀನಿನ್ನು ಮಾಡೆಲ್ ಆಗು ಅಂದರು. ಜನವರಿಯ ಚಳಿಯಲ್ಲಿ ಕಡಲ ದಂಡೆಯ ಮೇಲೆ ಈಜುಡುಗೆಯಲ್ಲಿ ನಿಲ್ಲಿಸಿ ಬೇಸಿಗೆಯ ಫೋಟೋ ತೆಗೆಯುತ್ತಿದ್ದರು. ಬಾಯಿಂದ ಹಬೆ ಕಾಣದಿರಲೆಂದು ಬಾಯಲ್ಲಿ ಮಂಜುಗಡ್ಡೆ ಇಟ್ಟುಕೊಳ್ಳಬೇಕು. ಆಮೇಲೆ ನಟನೆ. ಟೀವಿಯ ಪತ್ತೇದಾರಿ ಧಾರಾವಾಹಿಗಳಲ್ಲಿ ಅವಳಿಗೆ ಸಿಕ್ಕ ಪಾತ್ರಗಳೆಲ್ಲ ಹೆಣದವೇ.

"ಈ ಸಿನಿಮಾದಲ್ಲಿ ನನಗೆ ಮಾತಿದೆ," ಎಂದಳು ಕೊತೊಮಿ. ನಾಯಕನ ತಾಯಿಯ ಮುಂದೆ ಕೂತು, ಸತ್ತ ತನ್ನ ಅಪ್ಪನ ಬಗ್ಗೆ ಅವಳು ಹೇಳಿಕೊಳ್ಳುವ ಒಂದು ದೀರ್ಘ ದೃಶ್ಯ. ಆ ಹಿಂದಿ ಮಾತುಗಳನ್ನು ಜಪಾನಿ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದಳು, ತಾಯಿಯ ಪಾತ್ರದ ಮಾತೂ ಸೇರಿ. ದಾರಿಯುದ್ದಕ್ಕೂ ಅಕ್ಕನ ಹತ್ತಿರ ಉಚ್ಚಾರ ತಿದ್ದಿಸಿಕೊಂಡಳು. ಭೋರು ಮುಟ್ಟುವ ಹೊತ್ತಿಗೆ ನನಗೂ ಆ ಮಾತುಗಳು ಅರ್ಧ ಬಾಯಿಗೆ ಬಂದಿದ್ದವು.

ಆ ದೃಶ್ಯ ತೆಗೆಯಬೇಕಿದ್ದ ದಿನ ಬೆಳಿಗ್ಗೆ ಅವಧೂತ ಬಂದು ಅಕ್ಕನಿಗೆ ಹೇಳಿದ: "ಇವತ್ತು ಮಾತಿನ ಸೀನ್ ಇಲ್ಲ ಅಂತ ಹೇಳ್ರಿ. ಅದನ್ನ ಆಮ್ಯಾಲೆ ತಗೀತಾರಂತ. ಇವತ್ತು ಹೊಳಿಯಾಗ ಹಾಡು." ಅಕ್ಕ ನಂಬಿದಳು, ಹಾಗೆಯೇ ಹೇಳಿದಳು. ಕೊತೊಮಿ ತಲೆಬಾಗಿ, ತೆಳ್ಳಗಿನ ಬಿಳಿ ಸೀರೆ ಉಡಲು ವ್ಯಾನಿಗೆ ಹೋದಳು.

ನೀರಾ ನದಿಯ ದಂಡೆಯಲ್ಲಿ ಪೆಂಡಾಲು ಹಾಕಿ ಊಟ ಬಡಿಸಿದ್ದರು. ಅಲ್ಲಿ ಪಿಠಲೆ-ಭಾಕರಿ ತಿನ್ನುತ್ತ ಅವಧೂತ, ತಾಯಿಯ ಪಾತ್ರದ ಕಲಾವಿದೆಯನ್ನು ಬೆಳಿಗ್ಗೆಯೇ ಮುಂಬಯಿಗೆ ಕಳಿಸಿಬಿಟ್ಟೆವೆಂದು ಯಾರಿಗೋ ಹೇಳಿದ. ಅಕ್ಕ ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿ ನೆಟ್ಟಗೆ ನಿರ್ದೇಶಕನ ಮೇಜಿಗೆ ಹೋದಳು. ನಾನೂ ಹಿಂದೆ ಹೋದೆ. ನಿರ್ದೇಶಕ ಮುಂಬಯಿಯ ದೊಡ್ಡ ಹೊಟ್ಟೆಯ ಮನುಷ್ಯ, ಓನೊನ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದ.

"ಆ ದೃಶ್ಯ ಇದೆಯೋ ಇಲ್ಲವೋ?" ಅಕ್ಕ ಹಿಂದಿಯಲ್ಲಿ ಕೇಳಿದಳು.

"ಅದನ್ನು ಕಿತ್ತುಹಾಕಿದ್ದೇವೆ," ಎಂದು ಅವನು ನಕ್ಕ. "ಜನ ಗೊಂಬೆ ನೋಡಲು ಬರುತ್ತಾರೆ. ಗೊಂಬೆಗೆ ಮಾತೇಕೆ? ಒದ್ದೆಯಾದರೆ ಸಾಕು."

ಅಕ್ಕ ಓನೊನ ಕಡೆ ತಿರುಗಿ ಜಪಾನಿಯಲ್ಲಿ ಕೇಳಿದಳು. ಅವನು ಶಾಂತವಾಗಿ ಏನೋ ಹೇಳಿದ. ಅದನ್ನು ಅಕ್ಕ ಆಮೇಲೆ ನನಗೆ ತಿಳಿಸಿದಳು. "ನನಗೆ ಗೊತ್ತು, ನಾನೇ ಒಪ್ಪಿದ್ದೇನೆ. ಅವಳಿಗೆ ಹೇಳಬೇಡಿ. ಅತ್ತರೆ ಮುಖ ಊದುತ್ತದೆ, ಒಂದು ದಿನ ಹಾಳು."

ಅಕ್ಕನ ಕಿವಿಗಳು ರಕ್ತ ಚಿಮ್ಮುವಷ್ಟು ಕೆಂಪಾಗಿದ್ದವು. ವ್ಯಾನಿನ ಕಡೆ ನಡೆಯುತ್ತಿದ್ದವಳನ್ನು ಅವಧೂತ ತಡೆದ. "ಎಲ್ಲಿ ಹೊಂಟ್ರಿ? ಸುಮ್ನ ಇರ್ರಿ ಕುಸುಮಾಬಾಯಿ. ನಮಗ್ಯಾಕ ಊರ ಉಸಾಬರಿ?"

"ಬೆಳಿಗ್ಗೆ ನನ್ನ ಬಾಯಿಲೆ ಸುಳ್ಳ ಹೇಳಿಸಿದಿ. ಆಕಿ ನನ್ನ ನಂಬಿದ್ಲು, ನಿನ್ನಲ್ಲ. ದಾರಿ ಬಿಡು."

ವ್ಯಾನಿನೊಳಗೆ ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. ಕೊತೊಮಿ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಅಳಲಿಲ್ಲ. ಅಕ್ಕನನ್ನು ದಿಟ್ಟಿಸಿ ಬಿರುಸಾಗಿ ಒಂದು ಮಾತು ಕೇಳಿದಳು: "ನೀನು ಬೆಳಿಗ್ಗೆಯೇ ಯಾಕೆ ಅವರನ್ನು ಎದುರು ನಿಲ್ಲಿಸಿ ಕೇಳಲಿಲ್ಲ?" ಸೀರೆಯ ಮೇಲೊಂದು ಕಂಬಳಿ ಸುತ್ತಿಕೊಂಡು ಕೊತೊಮಿ ಎದ್ದಳು. "ಈಗ ನಾನು ಮಾತಾಡುತ್ತೇನೆ. ನೀನು ಹೇಳು. ನಡುವೆ 'ದಯವಿಟ್ಟು' ಸೇರಿಸಬೇಡ."

ದುಭಾಷಿಯರಿಗೆ ಒಂದು ನಿಯಮವಿದೆ. 'ಆಕೆ ಹೀಗೆ ಹೇಳುತ್ತಾಳೆ' ಅನ್ನಬಾರದು, 'ನಾನು' ಎಂದೇ ಹೇಳಬೇಕು. ಹಾಗಾಗಿ ನದಿಯ ದಂಡೆಯಲ್ಲಿ, ಉಂಡು ಕೈ ತೊಳೆಯುತ್ತಿದ್ದ ಅಷ್ಟೂ ಜನರ ಎದುರು, ಕೊತೊಮಿ ಜಪಾನಿಯಲ್ಲಿ ಒಂದೊಂದು ಸಾಲು ಹೇಳಿದಂತೆ ಅಕ್ಕನ ಬಾಯಿಂದ ಹಿಂದಿಯಲ್ಲಿ ಬಂದದ್ದು ಇದು:

"ನನ್ನ ಹೆಸರು ಗೊಂಬೆ ಅಲ್ಲ. ನಗು ಎಂದಾಗ ನಕ್ಕಿದ್ದೇನೆ. ಹೆಣವಾಗು ಎಂದಾಗ ಉಸಿರು ಹಿಡಿದು ಮಲಗಿದ್ದೇನೆ. ಇಷ್ಟು ದೂರ ಬಂದದ್ದು ಆ ಒಂದು ದೃಶ್ಯಕ್ಕೆ. ಅದು ಬೇಡವಾದರೆ ನನ್ನ ಮುಖ ನೋಡಿ ಹೇಳಬೇಕಿತ್ತು. ನನ್ನ ಬೆನ್ನ ಹಿಂದೆ ಓನೊಗೆ ಹೇಳುವುದಲ್ಲ. ನನ್ನನ್ನು ಮಾರುವವನೂ ಕೊಳ್ಳುವವನೂ ಒಂದೇ ಮೇಜಿನಲ್ಲಿ ಕೂತು ಕಿತ್ತಳೆ ತಿನ್ನುತ್ತಿದ್ದೀರಿ. ನಾಚಿಕೆಯಾಗಬೇಕು."

ಇಲ್ಲಿಗೆ ಕೊತೊಮಿ ನಿಲ್ಲಿಸಿದಳು. ಅಕ್ಕ ನಿಲ್ಲಿಸಲಿಲ್ಲ.

"ಇನ್ನೂ ಇದೆ, ಕೇಳಿ," ಎಂದಳು, ದನಿ ಸಣ್ಣಗೆ, ತಂತಿಯ ಹಾಗೆ. "ನನ್ನನ್ನು ನಡುವೆ ಕೂರಿಸಿ ಎರಡೂ ಕಡೆಯಿಂದ ಬಯ್ಯುತ್ತೀರಿ. ನೀವು ಹೇಳುವ ಸುಳ್ಳಿಗೆ ನನ್ನ ನಾಲಿಗೆ ಬೇಕು. ನೀವು ಉಣ್ಣುವಾಗ ನಾನು ಬೆನ್ನ ಹಿಂದೆ ಹಸಿದು ಕೂರಬೇಕು. ನನ್ನ ಮಾತೇನು ಎಂದು ಇಷ್ಟು ವರ್ಷದಲ್ಲಿ ಒಬ್ಬನಾದರೂ ಕೇಳಿದ್ದೀರಾ? ಯಾರ ಮಗ್ಗುಲಲ್ಲಿ ಕೂರುತ್ತೀ ಎಂದು ಕೇಳುವುದಕ್ಕೆ ಮಾತ್ರ ಬಾಯಿ ಬರುತ್ತದೆ!"

ನಿರ್ದೇಶಕ ಕಕ್ಕಾಬಿಕ್ಕಿಯಾದ. "ಇದೆಲ್ಲ ಆಕೆ ಹೇಳಿದಳಾ? ಆಕೆಯ ಬಾಯಿ ಮುಚ್ಚಿದೆಯಲ್ಲ!"

ಕೊತೊಮಿಗೆ ಹಿಂದಿ ತಿಳಿದಿರಲಿಲ್ಲ, ಆದರೆ ಅಕ್ಕನ ಮುಖ ತಿಳಿದಿತ್ತು. ಎಲ್ಲರಿಗೂ ಕೇಳುವಂತೆ "ಹಾಯ್!" ಅಂದಳು. ಜಪಾನಿಯಲ್ಲಿ ಅದರ ಅರ್ಥ 'ಹೌದು'. ಅಕ್ಕ ಇನ್ನೆರಡು ಮಾತು ಬೈದಳು. ಕೊತೊಮಿ ಮತ್ತೆ "ಹಾಯ್!" ದೀಪ ಹಿಡಿದ ಒಬ್ಬ ಮನುಷ್ಯ ಹಿಂದಿನಿಂದ ಮರಾಠಿಯಲ್ಲಿ "ಬರೋಬರ್ ಬೋಲಲಾತ್ ತಾಈ" ಎಂದು, ಅಂದರೆ ಸರಿಯಾಗಿಯೇ ಹೇಳಿದಿರಿ ಎಂದು, ಕೂಗಿ ಆಮೇಲೆ ತಲೆ ತಗ್ಗಿಸಿದ.

ಗೆದ್ದೆವು ಅಂದುಕೊಂಡೆ ನಾನು. ಅರ್ಧ ತಾಸಿನೊಳಗೆ ನಮ್ಮನ್ನು ಜೀಪಿಗೆ ಹತ್ತಿಸಿದರು. ಅವಧೂತ ಹಲ್ಲು ಕಡಿಯುತ್ತ ಬಂದ. "ನನ್ನ ಹೊಟ್ಟಿ ಮ್ಯಾಲೆ ಹೊಡದ್ರಿ. ನಮ್ಮ ಭಾಷಾದಾಕಿ ಅಂತ ಕರಕೊಂಡ್ ಬಂದಿದ್ದೆ."

"ಹಂಗಿದ್ರ ಸುಳ್ಳೂ ನಮ್ಮ ಭಾಷಾದಾಗ ಹೇಳಬಾರದಿತ್ತು," ಅಂದಳು ಅಕ್ಕ.

ಜೀಪು ಹೊರಡುವಾಗ ಕಂಡದ್ದು ಇಷ್ಟು. ಓನೊ ಕೊತೊಮಿಯ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಅವಳು ಕಂಬಳಿ ಗಟ್ಟಿಯಾಗಿ ಹಿಡಿದುಕೊಂಡು ನೀರನ್ನೇ ನೋಡುತ್ತಿದ್ದಳು. ಮರುದಿನ ಕಾಲೇಜು ಹುಡುಗನೊಬ್ಬನನ್ನು ದುಭಾಷಿಯಾಗಿ ತಂದು, ಕರಾರು ತೋರಿಸಿ, ಅವಳನ್ನು ನದಿಗೆ ಇಳಿಸಿದರೆಂದು ಅವಧೂತನ ಕಡೆಯವರಿಂದ ತಿಳಿಯಿತು. ಅವತ್ತು ಅಕ್ಕ ಅಡಿಗೆ ಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ತಿಕ್ಕಿದಳು. ಯಾರೂ ಹತ್ತಿರ ಹೋಗಲಿಲ್ಲ.

ಮರುವರ್ಷ ಸಿನಿಮಾ ಬಂತು. ನಾನು ಬೇಡವೆಂದರೂ ಅಕ್ಕ ಕರೆದುಕೊಂಡು ಹೋದಳು. ಕೊತೊಮಿಯ ಪಾಲಿಗೆ ಉಳಿದದ್ದು ಹೊಳೆಯ ಹಾಡು, ಜೊತೆಗೆ ನಾಲ್ಕಾರು ಮಾತು. ಆ ಮಾತಿಗೂ ಯಾರದೋ ತೊದಲು ದನಿ ಸೇರಿಸಿದ್ದರು, ಜನ ನಗಲೆಂದು. ಜನ ನಕ್ಕರು, ಸಿಳ್ಳೆ ಹೊಡೆದರು. ಅಕ್ಕ ನಡುವೆಯೇ ಎದ್ದು ಸಾಲಿನ ಮಂದಿಯ ಕಾಲು ತುಳಿಯುತ್ತ ಹೊರಬಂದಳು.

"ಎಷ್ಟು ಚೆಂದ ಕಲ್ತಿದ್ಲು ಗೊತ್ತದನ ನಿನಗ? 'ಧ'ಕಾರ ಬರಲಿಲ್ಲ ಅಂತ ಕಾರಿನಾಗ ನೂರು ಸಲ ಅಂದ್ಲು. ತೊದಲ ಹಾಕ್ಯಾರ, ಹಲ್ಕಟ್ ಮಂದಿ!" ಲಕ್ಷ್ಮಿ ರಸ್ತೆಯಲ್ಲಿ ಸೀರೆ ಅಂಗಡಿಯವರು ತಿರುಗಿ ನೋಡುವಷ್ಟು ಜೋರಾಗಿ ಬೈದಳು. ಸಿಟ್ಟಿನಲ್ಲಿ ಅವಳ ದನಿ ದೊಡ್ಡದಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕಾರ್ಖಾನೆಯಲ್ಲಿ ಅವಳು ಬಹಳ ದಿನ ಉಳಿಯಲಿಲ್ಲ. ಊಟದ ಮೇಜಿಗೆ ತನ್ನ ಕುರ್ಚಿ ಎಳೆದುಕೊಂಡು ಹೋಗಿ ಎಲ್ಲರ ಜೊತೆ ತಟ್ಟೆ ಹಚ್ಚಿಕೊಂಡಳು. ಜಪಾನಿಯವರು ಸುಮ್ಮನಿದ್ದರೂ ನಮ್ಮವರು ತಕರಾರು ಎತ್ತಿದರು. ಕುರ್ಚಿ ಬಿಡದೆ ಕೆಲಸ ಬಿಟ್ಟಳು. ರಾಸ್ತಾ ಪೇಠೆಯಲ್ಲಿ ಒಂದು ಕೋಣೆ ಹಿಡಿದು ಅನುವಾದದ ಕೆಲಸ ಶುರು ಮಾಡಿದಳು. ಬಂದ ಗಿರಾಕಿಗಳಲ್ಲಿ ಅರ್ಧ ಮಂದಿ ಅವಳ ನಾಲಿಗೆಗೆ ಹೆದರಿ ಓಡಿಹೋಗುತ್ತಿದ್ದರು. ಉಳಿದವರಲ್ಲೇ ಹೊಟ್ಟೆ ನಡೆಯಿತು.

ಕೊತೊಮಿ ಓನೊನ ಕಂಪನಿ ಬಿಟ್ಟ ಸುದ್ದಿ ತಡವಾಗಿ ಬಂತು. ಬಿಟ್ಟ ಮೇಲೆ ಎರಡು ವರ್ಷ ಯಾರೂ ಅವಳಿಗೆ ಕೆಲಸ ಕೊಡದಂತೆ ನೋಡಿಕೊಂಡಿದ್ದರಂತೆ. ಆಮೇಲೆ ಸಣ್ಣದೊಂದು ನಾಟಕ ತಂಡ ಸೇರಿದಳು. ಎರಡು ಸಾವಿರದ ಏಳರಲ್ಲಿ ಆ ತಂಡ ಮುಂಬಯಿಗೆ ಬಂದಾಗ ಅವಳೇ ಅಕ್ಕನಿಗೆ ಫೋನ್ ಮಾಡಿದಳು. ಇಬ್ಬರೂ ರೈಲು ಹತ್ತಿದೆವು.

ಮಧ್ಯಾಹ್ನದ ಆಟ, ಅರ್ಧ ಖಾಲಿ ಸಭಾಂಗಣ. ಕೊತೊಮಿ ಮೀನು ಮಾರುವ ಮುದುಕಿಯಾಗಿದ್ದಳು. ಬೆನ್ನು ಬಾಗಿಸಿ, ಕರ್ಕಶ ದನಿಯಲ್ಲಿ, ಮಗನನ್ನು ಬಯ್ಯುತ್ತ ಬಯ್ಯುತ್ತ ಬಹಳ ಹೊತ್ತು ಒಬ್ಬಳೇ ಮಾತಾಡಿದಳು. "ಏನಂತ?" ಎಂದು ನಾನು ಅಕ್ಕನ ಮೊಣಕೈ ತಿವಿದೆ. "ಸುಮ್ನ ಕೇಳು," ಅಂದಳು. ಕೇಳಿದೆ. ಒಂದಕ್ಷರ ತಿಳಿಯದಿದ್ದರೂ ಮೈ ಜುಮ್ಮೆಂದಿತು.

ಹೊರಗೆ ಬಂದರೆ ಗೋಡೆಯ ತುಂಬ ಆಯೋಜಕರು ಅಂಟಿಸಿದ ಭಿತ್ತಿಪತ್ರ. ಅದರಲ್ಲಿ ಮುದುಕಿಯಿಲ್ಲ, ನಾಟಕದ ಹೆಸರೂ ಸಣ್ಣದು. ಹಳೆಯ ಯಾವುದೋ ಪತ್ರಿಕೆಯಿಂದ ತೆಗೆದ, ಈಜುಡುಗೆಯ ಇಪ್ಪತ್ತರ ಹುಡುಗಿ. ಬಣ್ಣ ಒರೆಸಿಕೊಳ್ಳುತ್ತ ಬಂದ ಕೊತೊಮಿ ಅದನ್ನು ಆಗ ಮೊದಲ ಸಲ ಕಂಡಳು. ಕೈಚೀಲ ಕೆಳಗಿಟ್ಟು ಒಂದು ಮೂಲೆಯನ್ನು ಉಗುರಿನಿಂದ ಕೆರೆಯತೊಡಗಿದಳು. ಅಕ್ಕ ಇನ್ನೊಂದು ಮೂಲೆ ಹಿಡಿದಳು. ಕುಶಲ ಕೇಳುವುದಾಗಲಿ, ಅಪ್ಪಿಕೊಳ್ಳುವುದಾಗಲಿ ಏನೂ ಆಗಲಿಲ್ಲ. ಕಾವಲುಗಾರ ಕೋಲು ಕುಟ್ಟುತ್ತ ಓಡಿಬಂದ. ಅವನಿಗೆ ಅಕ್ಕ ಮರಾಠಿಯಲ್ಲಿ ಬೈದಳು, ಕೊತೊಮಿ ಜಪಾನಿಯಲ್ಲಿ ಬೈದಳು. ಅವನು ಹಿಂದೆ ಸರಿದ. ಅಂಟು ಗಟ್ಟಿಯಾಗಿತ್ತು. ಕಾಗದ ಚೂರುಚೂರಾಗಿ ಬರುತ್ತಿತ್ತು, ಮುಖ ಮಾತ್ರ ಗೋಡೆ ಬಿಡಲೊಲ್ಲದು.

"ನೀತಾ, ನಿಂತು ಏನ್ ನೋಡತಿ?" ಅಕ್ಕ ತಿರುಗಿ ಗದರಿದಳು. "ನೀರ ತಗೊಂಡು ಬಾ."