ಎರಡು ಆಚೆಗಳ ನಡುವೆ

ಹರಿಗೋಲು ಹತ್ತಿದ ಮೇಲೆ ನನಗೆ ಇಳಿಯಲು ಮನಸ್ಸು ಬರುವುದಿಲ್ಲ. ಇದು ಕಾಯಿಲೆಯಾದರೆ ಇದಕ್ಕೆ ಕಷಾಯವಿಲ್ಲ. ಕೆಟ್ಟ ಚಾಳಿ ಎನ್ನುವುದಾದರೆ ನನ್ನ ಹೆಂಡತಿ ಕೂಡಲೇ ಒಪ್ಪುತ್ತಾಳೆ. ಹೆಂಡ ಕುಡಿಯುವವನನ್ನು ಜನ ಬೈದಾರು, ಇಸ್ಪೀಟು ಆಡುವವನಿಗೆ ಬುದ್ಧಿ ಹೇಳಿಯಾರು. ಸುಮ್ಮನೆ ಹೊಳೆಯ ಮೇಲೆ ಕೂತು ಬರುವವನನ್ನು ಏನೆಂದು ಬೈಯುವುದು? ಹಾಗಾಗಿ ಇಷ್ಟು ದಿನ ಬಚಾವಾಗಿದ್ದೇನೆ.

ನಮ್ಮೂರು ಕುಶಾಲನಗರದಿಂದ ಕೆಳಗೆ, ಕಾವೇರಿ ದಂಡೆಯಲ್ಲಿದೆ. ಈಚೆ ಕೊಡಗು, ಆಚೆ ಮೈಸೂರು. ಈಗಂತೂ ಕೊಡಗು ತನ್ನದೇ ಮಂತ್ರಿಗಳಿರುವ ರಾಜ್ಯ. ನಮ್ಮ ಎಮ್ಮೆ ಮೇವಿನಾಸೆಗೆ ಈಜಿ ಹೋದರೂ ರಾಜ್ಯ ಬಿಟ್ಟು ರಾಜ್ಯಕ್ಕೆ ಹೋದ ಹಾಗೆ. ನಡುಹೊಳೆ ಮಾತ್ರ ಯಾರಿಗೆ ಸೇರಿದ್ದೆಂದು ನನಗೆ ಯಾರೂ ಹೇಳಿಲ್ಲ, ನಾನೂ ಕೇಳಲು ಹೋಗಿಲ್ಲ. ಅಲ್ಲಿಗೆ ಶಾನುಭೋಗರ ಕರೆ ಬರುವುದಿಲ್ಲ. ಹೆಂಡತಿ ಕೂಗಿದರೆ ಕೇಳಿಸುವುದಿಲ್ಲ. ಗದ್ದೆಯ ಕಳೆ ಆ ದೂರಕ್ಕೆ ಪೈರಿನ ಹಾಗೆಯೇ ಹಸಿರಾಗಿ ಕಾಣುತ್ತದೆ.

ಹರಿಗೋಲೆಂದರೆ ಬಿದಿರಿನ ದೊಡ್ಡ ಬುಟ್ಟಿ, ಮೈಗೆ ತೊಗಲು ಹೊದಿಸಿದ್ದು. ಗುಂಡಗಿರುವುದರಿಂದ ಅದಕ್ಕೆ ಮುಂದು ಹಿಂದು ಇಲ್ಲ. ಪಟೇಲರು ಕೂತದ್ದೂ ಅಂಚಿನಲ್ಲೇ, ಸಂತೆಗೆ ಹೊರಟ ಕುರಿ ನಿಂತದ್ದೂ ಅಂಚಿನಲ್ಲೇ. ನಾನು ಕಲಿತದ್ದು ನಾಲ್ಕನೆಯ ತರಗತಿಯವರೆಗೆ. ಭೂಮಿ ತಿರುಗುತ್ತದೆ, ನಮಗೆ ಮಾತ್ರ ಸೂರ್ಯನೇ ತಿರುಗಿದಂತೆ ಕಾಣುತ್ತದೆ ಎಂದು ಮೇಷ್ಟ್ರು ಹೇಳಿದಾಗ ನಂಬದೆ ಕಿವಿ ಹಿಂಡಿಸಿಕೊಂಡಿದ್ದೆ. ಹರಿಗೋಲಿನಲ್ಲಿ ಕೂತ ದಿನ ನಂಬಿದೆ. ನಾವು ಕದಲದೆ ಕೂತಿರುತ್ತೇವೆ. ಮತ್ತಿಮರ, ಬಟ್ಟೆ ಒಗೆಯುವ ಕಲ್ಲು, ಕಲ್ಲಿನ ಮೇಲಿನ ಹೆಂಗಸು, ಮೈಸೂರು, ಕೊಡಗು ಎಲ್ಲವೂ ಒಂದರ ಹಿಂದೊಂದು ಬಂದು ಮುಖ ತೋರಿಸಿ ಹೋಗುತ್ತವೆ.

ಇನ್ನೊಂದು ಅನುಕೂಲವಿದೆ. ಅಂಬಿಗ ಬೋರಣ್ಣನಿಗೆ ನಾವು ದಾಟಿದಾಗಲೆಲ್ಲ ಕಾಸು ಕೊಡುವುದಿಲ್ಲ. ಸುಗ್ಗಿಯಲ್ಲಿ ಮನೆಗಿಷ್ಟೆಂದು ಭತ್ತ ಅಳೆಯುತ್ತೇವೆ. ಆಮೇಲೆ ವರ್ಷವಿಡೀ ಎಷ್ಟು ಸಲ ಹತ್ತಿದರೂ ಅವನು ಕೇಳುವಂತಿಲ್ಲ. ಈ ಪದ್ಧತಿ ಮಾಡಿದ ಹಿರಿಯರು ನನ್ನಂಥವನೊಬ್ಬ ಹುಟ್ಟಿಯಾನೆಂದು ಎಣಿಸಿರಲಿಲ್ಲ.

ಹತ್ತುವುದಕ್ಕೆ ನೆಪ ಬೇಕಲ್ಲ, ನನಗೆ ತಂಗಿ ಇದ್ದಾಳೆ. ಪುಟ್ಟಮ್ಮನನ್ನು ಆಚೆ ದಡದ ಊರಿಗೆ ಕೊಟ್ಟಿದೆ. ಅಪ್ಪ ಇರಲಿಲ್ಲ, ಗಂಡು ಒಪ್ಪಿದವನು ನಾನೇ. ಅರಕಲಗೂಡಿನ ಕಡೆಯಿಂದಲೂ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಅದನ್ನೇಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ, ತಂಗಿ ಹತ್ತಿರವಿರಲಿ ಎಂದು ಹೇಳಿದ್ದೇನೆ. ಅದು ಸುಳ್ಳಲ್ಲ. ಆದರೆ ಅವಳನ್ನು ನೋಡುವುದಕ್ಕೆ ಹೊಳೆ ದಾಟಬೇಕು ಎಂಬುದೂ ನನ್ನ ತಲೆಯಲ್ಲಿತ್ತು. ಮನೆಯಲ್ಲಿ ಹೇಳದ ಈ ಮಾತನ್ನು ನಿಮಗೆ ಹೇಳುತ್ತಿದ್ದೇನೆ.

ಇನ್ನು, ಅವಳನ್ನು ನೋಡಲೆಂದು ಹೊರಟವನು ಪ್ರತಿಸಲ ನೋಡಿ ಬಂದೆನೇ? ಎಷ್ಟೋ ಸಲ ಆಚೆ ದಡ ಮುಟ್ಟಿದಾಗ, ಇನ್ನೊಂದು ಸುತ್ತು ಮುಗಿಸಿ ಇಳಿದರಾಯಿತು ಎಂದು ಕೂತೇ ಇರುತ್ತಿದ್ದೆ. ಅಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು. ಮನೆಗೆ ಬಂದು ಹೆಂಡತಿಗೆ, “ಆಚೆ ಹೋಗಿ ಬಂದೆ” ಎನ್ನುತ್ತಿದ್ದೆ. ಅದರಲ್ಲಿ ತಪ್ಪು ಹುಡುಕಲು ಯಾರಿಗೂ ಸಾಧ್ಯವಿರಲಿಲ್ಲ.

ಸಿಕ್ಕಿಬಿದ್ದದ್ದು ಗೌರಿ ಹಬ್ಬದ ದಿನ. ತವರಿನಿಂದ ಬಾಗಿನದ ಮೊರ ಹೊತ್ತು ತಂಗಿಯ ಮನೆಗೆ ಹೋಗುವುದು ಅಣ್ಣನ ಕೆಲಸ. ಬಳೆ, ರವಿಕೆ ಕಣ, ಬೇಳೆ, ಬೆಲ್ಲ, ಕಾಯಿ ತುಂಬಿ, ಮೇಲೊಂದು ಮೊರ ಮುಚ್ಚಿ ಹೆಂಡತಿ ಬೆಳಿಗ್ಗೆಯೇ ಕೈಗಿಟ್ಟಳು. ಮಳೆ ಬಿಟ್ಟು ಹೊಳೆ ಇಳಿದಿತ್ತು, ಬಿಸಿಲು ಹೊಸದಾಗಿತ್ತು. ಹಬ್ಬವಾದ್ದರಿಂದ ಹರಿಗೋಲಿನ ತುಂಬ ಹೂವು, ಹೊಸ ಸೀರೆ, ಅತ್ತೆಯಂದಿರ ದೂರು. ನನ್ನನ್ನು ಬಿಟ್ಟು ಮೊರ ಹೊತ್ತ ಅಣ್ಣಂದಿರೆಲ್ಲ ಇಳಿದು ಹೋದರು.

“ಗೌಡ್ರೇ, ಮೊರ ಗೌರಮ್ಮಂಗೋ, ಗಂಗಮ್ಮಂಗೋ?” ಎಂದ ಬೋರಣ್ಣ.

“ಇನ್ನೊಂದ್ ಸುತ್ತು ಕಣೋ.”

ಆ ಇನ್ನೊಂದು ಸುತ್ತು ಸಂಜೆಯವರೆಗೂ ಮುಗಿಯಲಿಲ್ಲ. ದನ ಮನೆಗೆ ತಿರುಗುವ ಹೊತ್ತಿಗೆ ಆಚೆ ದಡದಲ್ಲಿ ಹಬ್ಬದ ಸೀರೆ ಉಟ್ಟ ಹೆಂಗಸೊಬ್ಬಳು ಒಂಟಿಯಾಗಿ ನಿಂತದ್ದು ಕಂಡಿತು. ಹರಿಗೋಲು ತಿರುಗಿ ನನಗೆ ಕೊಡಗನ್ನು ತೋರಿಸಿತು. ಮತ್ತೆ ತಿರುಗಿದಾಗ ಪುಟ್ಟಮ್ಮನ ಮುಖ.

“ಬೆಳಗ್ಗಿಂದ ಕಣದಲ್ಲಿ ನಿಂತ್ಕಂಡು ನೋಡ್ತಾ ಇವ್ನಿ ಕಣಣ್ಣ. ಬತ್ತೀಯ, ಹೋಯ್ತೀಯ. ಬತ್ತೀಯ, ಹೋಯ್ತೀಯ. ನಮ್ಮತ್ತೆ, ನಿಮ್ಮಣ್ಣ ಹೊಳೇಲಿ ಮೀನ್ ಕಾಯ್ತಾವ್ನಾ ಅಂತ ಕೇಳ್ತು. ಓರಗಿತ್ತೀರ್ಗೆಲ್ಲ ತವರಿನ ಮೊರ ಬಂದಾಯ್ತು. ತವರಿನ ಮೊರ ಬರೋಗಂಟ ಉಣ್ಣಲ್ಲ ಅಂತ ಕೂತಿದ್ದೆ. ಒಬ್ಬಟ್ಟು ತಟ್ಟಿ ತಟ್ಟಿ ಕೈಯೊಂದೇ ಹೊಟ್ಟೆ ತುಂಬಿಸ್ಕಂಡದೆ.”

“ಆಚೆ ಬರೋಣ ಅಂತಲೇ ಇದ್ದೆ” ಎಂದೆ.

“ನಿಂಗೊಂದೇ ಆಚೆ, ಅಣ್ಣ. ನಂಗೆ ಎರಡು. ಇಲ್ಲಿ ನಿಂತ್ರೆ ತವರು ಆಚೆ, ಅಲ್ಲಿಗೆ ಬಂದ್ರೆ ಈ ಮನೆ ಆಚೆ.” ಹೀಗೆಂದವಳು ಸೀರೆ ಎತ್ತಿ ಹಿಡಿದು ಹರಿಗೋಲಿಗೇ ಹತ್ತಿಬಿಟ್ಟಳು! “ಬೋರಣ್ಣಾ, ಬಿಡು ಒಂದ್ ಸುತ್ತು. ಇದ್ರಲ್ಲಿ ಅದೇನದೆ ನೋಡೇಬಿಡವಾ.”

ಮದುವೆಯಾದ ಮೇಲೆ ಅವಳು ಬೇಕಾದಷ್ಟು ಸಲ ಹೊಳೆ ದಾಟಿದ್ದಳು, ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಗು. ಕೈ ಬೀಸಿಕೊಂಡು ಕೂತದ್ದು ಅದೇ ಮೊದಲು. ನಡುಹೊಳೆಯಲ್ಲಿ ಬೋರಣ್ಣ ಹುಟ್ಟನ್ನು ಎತ್ತಿ ಹಿಡಿದ. ಅವಳು ಮೊರದ ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡು, ಎರಡೂ ದಡ ತಿರುಗುವುದನ್ನು ನೋಡುತ್ತ ಕೂತಳು. ಅರಕಲಗೂಡಿನ ಸಂಬಂಧ ಏಕೆ ಬಿಟ್ಟೆನೆಂದು ನಾನೇ ಬಾಯಿಬಿಟ್ಟೆ.

“ಗೊತ್ತು ಬಿಡು” ಎಂದು ನಕ್ಕಳು. “ಹೆಣ್ಣು ನೋಡಕ್ಕೆ ಬಂದೋರ್ನ ಎಲ್ರೂ ಗದ್ದೆ ಎಷ್ಟದೆ, ದನ ಎಷ್ಟವೆ ಅಂತ ಕೇಳ್ತಾರೆ. ನೀನ್ ಕೇಳಿದ್ದು, ಹರಿಗೋಲು ದಿನಾ ಬಿಡ್ತಾರಾ ಅಂತ. ಬಾಗ್ಲ ಹಿಂದೆ ನಿಂತು ಕೇಳುಸ್ಕಂಡಿವ್ನಿ. ಅಣ್ಣ ದಿನಾ ಬತ್ತಾನೆ ಅಂದ್ಕಂಡು ನಾನೂ ಹೂಂ ಅಂದೆ.”

ಬೋರಣ್ಣ ಕೆಮ್ಮಿ ಬೇರೆ ಕಡೆ ನೋಡಿದ. ನಾನೇ, “ದಡಕ್ಕೆ ಹಾಕೋ” ಎಂದೆ.

ಆಚೆ ದಡದಲ್ಲಿ ಇಳಿದು ಗದ್ದೆಬದುವಿನ ಒಳದಾರಿ ಹಿಡಿಯಹೊರಟೆ. ಅವಳು ಬಿಡಲಿಲ್ಲ. “ಕದ್ದು ಹೋಗದಲ್ಲ. ಮೊರ ತಲೆ ಮೇಲಿಟ್ಕಂಡು ಬೀದಿ ತುದಿಯಿಂದ ಬಾ. ಎಲ್ಲಾ ನೋಡ್ಲಿ.” ಹಾಗೇ ನಡೆದೆ. ಜಗಲಿಗಳಲ್ಲಿ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ನನ್ನ ಮುಂದೆ ಹೋಗುತ್ತಿದ್ದ ತಂಗಿಯ ಬೆನ್ನು ಮನೆ ಬರುವಷ್ಟರಲ್ಲಿ ನೆಟ್ಟಗಾಗಿತ್ತು. ಅವಳ ಅತ್ತೆ ಕಾಲಿಗೆ ನೀರು ಕೊಡುತ್ತ, “ಹೊಳೆ ಚೆನ್ನಾಗಿತ್ತಾ?” ಎಂದಷ್ಟೇ ಕೇಳಿದರು.

ಚಾಳಿ ಬಿಟ್ಟೆನೇ ಎಂದು ನೀವು ಕೇಳುತ್ತೀರಿ. ಮೊನ್ನೆಯೂ ಬೋರಣ್ಣನಿಗೆ, “ಮೆಲ್ಲಗೆ ಹಾಕೋ” ಎಂದಿದ್ದೇನೆ. ಆದರೆ ಅವನು “ಎಲ್ಲಿಗೆ ಗೌಡ್ರೇ, ಆಚೆಗಾ?” ಎಂದು ಕೇಳಿದರೆ ಈಗ “ತಂಗಿ ಮನೆಗೆ” ಎನ್ನುತ್ತೇನೆ. ಆಚೆ ಎಂಬ ಮಾತನ್ನು ಬಿಟ್ಟಿದ್ದೇನೆ. ಹರಿಗೋಲನ್ನು ಬಿಟ್ಟಿಲ್ಲ.