ಕ್ಲಚ್ಚಿಗೆ ಹಾಕಿದ ಕೊಂಡಿ

ಹೋದ ವಾರ ಹುಬ್ಬಳ್ಳಿಯಲ್ಲಿ ಒಂದು ಇಸ್ತ್ರಿ ಅಂಗಡಿಯ ಮುಂದೆ ಯಾರೋ ಹಳೆಯ ಮೋಟಾರ್ ಸೈಕಲ್ಲಿನ ಕಾರ್ಬೊರೇಟರ್ ಬಿಚ್ಚಿಕೊಂಡು ಕೂತಿದ್ದರು. ಒಳಗೆ ಗಂಜಿ ಹಾಕಿದ ಧೋತರದ ಮೇಲೆ ಇಸ್ತ್ರಿಪೆಟ್ಟಿಗೆ ಓಡುತ್ತಿತ್ತು. ಬಿಸಿ ಗಂಜಿ, ತಣ್ಣನೆಯ ಪೆಟ್ರೋಲು. ಎರಡೂ ವಾಸನೆ ಒಂದೇ ಉಸಿರಿನಲ್ಲಿ ಒಳಗೆ ಹೋದವು. ನಾನು ರಸ್ತೆಯ ಮೇಲೇ ನಿಂತುಬಿಟ್ಟೆ. ಜಗತ್ತಿನಲ್ಲಿ ಈ ಎರಡು ವಾಸನೆಗಳು ಒಟ್ಟಿಗೆ ಸಂಸಾರ ಮಾಡಿದ್ದು ಒಂದೇ ಮನೆಯಲ್ಲಿ, ಇಲಕಲ್ಲಿನ ನಮ್ಮ ಮನೆಯಲ್ಲಿ. ಅಲ್ಲಿ ನಡುಮನೆಯಲ್ಲಿ ಎರಡು ಕುಣಿ ಮಗ್ಗ, ಅವುಗಳ ಪಕ್ಕದಲ್ಲಿ ಗಂಜಿ ಹಿಡಿದ ಉದ್ದೆಳೆಗಳ ಹಾಸು, ಹಾಸಿನ ಪಕ್ಕದಲ್ಲಿ ಫಟಫಟಿ, ಅಂದರೆ ಅಪ್ಪನ ಮೋಟಾರ್ ಸೈಕಲ್ಲು. ನಿಮಗೂ ಇಂಥ ಮನೆಯೊಂದು ಇದ್ದಿರಬಹುದು, ಈಗ ಮೂಗಿನಲ್ಲಿ ಮಾತ್ರ ಉಳಿದಿರುವಂಥದು.

ನನ್ನ ನೆನಪನ್ನು ನೀವು ಪೂರ್ತಿ ನಂಬಬೇಡಿ. ಫಟಫಟಿಯ ಬಣ್ಣ ಕಪ್ಪು ಎಂದು ನಾನು ಬಹಳ ಕಾಲ ಹೇಳುತ್ತಿದ್ದೆ. ಅವ್ವ ಕಡುಗೆಂಪು ಎನ್ನುತ್ತಿದ್ದಳು. ಇಬ್ಬರೂ ಅದೇ ಗಾಡಿಯನ್ನು ಒರೆಸಿದವರು. ಎರಡೂ ಬಣ್ಣ ಇಟ್ಟುಕೊಳ್ಳೋಣ. ಅಪ್ಪ ಅದನ್ನು ಯಾರಿಂದಲೋ ಹಳೆಯದಾಗಿಯೇ ತಂದಿದ್ದ, ಟಾಂಕಿಯ ಮೇಲಿನ ಕಂಪನಿಯ ಹೆಸರು ಆಗಲೇ ಅಳಿಸಿತ್ತು. ಸೀರೆಗಳ ಗಂಟನ್ನು ಹಿಂದೆ ಕಟ್ಟಿಕೊಂಡು ಬಾದಾಮಿ, ಬಾಗಲಕೋಟೆಯ ಅಂಗಡಿಗಳಿಗೆ ಹೋಗಿಬರುತ್ತಿದ್ದ. ಅಮಾವಾಸ್ಯೆಗೆ ನೇಕಾರರ ಮಗ್ಗ ನಿಲ್ಲುತ್ತದೆ. ಅದೇ ನಮ್ಮಲ್ಲಿ ಫಟಫಟಿ ಬಿಚ್ಚುವ ದಿನ. ಪ್ಲಗ್ಗಿನ ಕಾಡಿಗೆ ಕೆರೆಯುವುದು, ಚೈನನ್ನು ಸೀಮೆಎಣ್ಣೆಯಲ್ಲಿ ಅದ್ದುವುದು, ಹರಿದುಳಿದ ನೂಲಿನ ಉಂಡೆಯಿಂದ ಚಕ್ರದ ಒಂದೊಂದು ಕಡ್ಡಿಯನ್ನೂ ಒರೆಸುವುದು. ಆಮೇಲೆ ಅಪ್ಪ ಕಿಕ್ ಹೊಡೆದು, ಕಣ್ಣು ಮುಚ್ಚಿ, ಎಂಜಿನ್ನಿನ ಬಡಿತಕ್ಕೆ ಕಿವಿ ಕೊಟ್ಟು ಕೂಡುತ್ತಿದ್ದ. ಮಗ್ಗದ ಲಯ ಕೆಟ್ಟರೆ ಪಕ್ಕದ ಮನೆಯಿಂದಲೇ ಗುರುತಿಸುವ ಕಿವಿ ಅದು.

ಅಪ್ಪನ ತಂಗಿ ಶಾಂತತ್ತಿಗೆ ಆಗ ಹತ್ತೊಂಬತ್ತೋ ಇಪ್ಪತ್ತೋ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬಾಗಲಕೋಟೆಯಲ್ಲಿ ಶಿಕ್ಷಕಿಯರ ತರಬೇತಿಗೆ ಅರ್ಜಿ ಹಾಕಿದ್ದಳು, ಸಂದರ್ಶನಕ್ಕೆ ಕರೆ ಬಂದಿತ್ತು. ಹುನಗುಂದದ ಒಂದು ನೇಕಾರ ಮನೆಯವರೂ ಅವಳನ್ನು ಮದುವೆಗೆ ಕೇಳಿದ್ದರು. ಅಜ್ಜಿ, ನಾವು ಆಯಿ ಎನ್ನುತ್ತಿದ್ದವಳು, ಹುನಗುಂದದ ಪಕ್ಷ.

"ಹೆಣ್ಣುಮಗಳು ಅಕ್ಕೋರಾದ್ರ ಮಗ್ಗದ ಮುಂದ ಯಾರು ಕುಂದ್ರವ್ರು?" ಎಂದಳು ಆಯಿ.

"ನೀನ ಕುಂದ್ರು ಬೇ. ನಿನ್ನ ಕೈ ಏನ್ ಸವದಾವ?" ಎಂದಳು ಶಾಂತತ್ತಿ.

ಅಪ್ಪ ತೀರ್ಪು ಕೊಟ್ಟ. "ಸೀಟು ಸಿಕ್ಕರ ಓದ್ಲಿ. ಸಿಗಲಿಲ್ಲಂದ್ರ ಹುನಗುಂದದವ್ರಿಗೆ ಹೂಂ ಅನ್ನೂಣು."

ಸಂದರ್ಶನದ ಹಿಂದಿನ ದಿನ ಬಾದಾಮಿಗೆ ಹೋಗಿದ್ದ ಅಪ್ಪ ಫಟಫಟಿಯನ್ನು ನೂಕಿಕೊಂಡು ಓಣಿಗೆ ಬಂದ. ಊರು ಹತ್ತಿರ ಬಂದಾಗ ಕ್ಲಚ್ ವಾಯರು ನಟ್ಟನಡುವೆ ಹರಿದಿತ್ತು. ಹೊಸದು ಬೇಕೆಂದರೆ ಬಾಗಲಕೋಟೆಗೇ ಹೋಗಬೇಕು. ಶಾಂತತ್ತಿಯನ್ನು ಬೆಳಿಗ್ಗೆ ಏಳರ ಬಸ್ಸಿಗೆ ಕರೆದುಕೊಂಡು ಹೋದರೆ ಮುಗಿಯುತ್ತಿತ್ತು. ಆದರೆ ಅಪ್ಪ ಆ ವಾಯರನ್ನು ಆಯಿಯ ಮುಂದೆ ಇಟ್ಟ. ಅದೇ ತಪ್ಪಾಯಿತು. ಇಲಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಸಾವಿರಾರು ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ನಮ್ಮ ಓಣಿಯಲ್ಲಿ ಆಯಿಯಷ್ಟು ಬಿಗಿಯಾಗಿ ಕೊಂಡಿ ಹಾಕುವವರು ಇರಲಿಲ್ಲ. ಅವಳು ವಾಯರಿನ ತುದಿಯನ್ನು ಬೆರಳಲ್ಲಿ ಹೊಸೆದು ನೋಡಿದಳು. ಸಣ್ಣ ಸಣ್ಣ ತಂತಿಗಳು ಹೂವಿನಂತೆ ಬಿಚ್ಚಿಕೊಂಡವು.

"ಇವೂ ಎಳೀನ ಅಲ್ಲೇನು?"

"ಕಬ್ಬಿಣದ ಎಳಿ ಬೇ."

"ರೇಶ್ಮಿ ಹಿಡದ ಕೈಗೆ ಕಬ್ಬಿಣ ಯಾವ ಲೆಕ್ಕ? ತಾ ಇಲ್ಲಿ."

ದೀಪ ಹಚ್ಚುವ ಹೊತ್ತಿಗೆ ಮುಗಿಸಿದಳು. ಒಂದೊಂದು ತಂತಿಗೂ ಒಂದೊಂದು ಕೊಂಡಿ. ಬೆರಳ ತುದಿಗಳಲ್ಲಿ ರಕ್ತ. ಅಪ್ಪ ಒಂದು ತುದಿ, ಪಕ್ಕದ ಮನೆಯ ಈರಣ್ಣಕಾಕಾ ಇನ್ನೊಂದು ತುದಿ ಹಿಡಿದು ಜಗ್ಗಿದರು, ಬಿಚ್ಚಲಿಲ್ಲ. ಆಮೇಲೆ ಬಸ್ಸಿನ ಮಾತು ಯಾರೂ ಎತ್ತಲಿಲ್ಲ. ಎತ್ತಿದ್ದರೆ ಆಯಿಯ ಕೈಗೆ ಅವಮಾನ ಮಾಡಿದಂತಾಗುತ್ತಿತ್ತು.

ಬೆಳಿಗ್ಗೆ ಅಪ್ಪ ಅದನ್ನು ಗಾಡಿಗೆ ಹಾಕಲು ಕೂತ. ವಾಯರು ಒಂದು ತೆಳ್ಳನೆಯ ಕೊಳವೆಯೊಳಗೆ ಹಾದುಹೋಗಬೇಕು. ಕೊಂಡಿ ಬಿದ್ದ ಜಾಗದಲ್ಲಿ ಅದು ಇಲಿ ನುಂಗಿದ ಹಾವಿನಂತೆ ಉಬ್ಬಿತ್ತು. ಎಣ್ಣೆ ಸವರಿದ, ತಿರುವಿದ, ನೂಕಿದ. ಅರ್ಧ ಹೋದದ್ದು ಹಿಂದಕ್ಕೂ ಬರಲಿಲ್ಲ. ಅಷ್ಟರಲ್ಲಿ ಏಳರ ಬಸ್ಸು ಹಾರ್ನ್ ಹೊಡೆದು ಹೋಯಿತು. ಮುಂದಿನ ಬಸ್ಸಿಗೆ ಹೋದರೆ ಸಂದರ್ಶನ ಮುಗಿದಿರುತ್ತಿತ್ತು.

"ಬಿಚ್ಚಿತೇನು?" ಎಂದು ಆಯಿ ಒಳಗಿನಿಂದ ಕೇಳಿದಳು.

"ಬಿಚ್ಚಿಲ್ಲ ಬೇ. ಸಿಕ್ಕೊಂಡೈತಿ."

ಶಾಂತತ್ತಿ ಹೊಸ ಸೀರೆ ಉಟ್ಟು, ತೊಡೆಯ ಮೇಲೆ ಸರ್ಟಿಫಿಕೇಟಿನ ಚೀಲ ಇಟ್ಟುಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. ಅಳಲಿಲ್ಲ. "ಹಂಗಾರ ಅವ್ರಿಗೆ ಹೂಂ ಅಂದಬಿಡು ಅಣ್ಣಾ," ಎಂದಳು, ಅಂಗಡಿಯಿಂದ ಏನೋ ತರಲು ಹೇಳುವವಳಂತೆ.

ಆಯಿ ಹೊರಗೆ ಬಂದಳು. ಮಗಳನ್ನು ನೋಡಿದಳು, ವಾಯರನ್ನು ನೋಡಿದಳು. ಅವಳಿಗೆ ಬೇಕಾದದ್ದೇ ಆಗಿತ್ತು. ಆದರೆ ಅದು ಆಗಿದ್ದು ತನ್ನ ಕೈಯ ಕೆಲಸದಿಂದ. ಅದೊಂದನ್ನು ಅವಳು ಒಪ್ಪಲಾರಳು.

"ಸಂಗಪ್ಪಾ, ಕ್ಲಚ್ ಇಲ್ಲಂದ್ರ ಗಾಡಿ ಓಡೂದ ಇಲ್ಲೇನು?" ಎಂದು ಅಪ್ಪನನ್ನು ಕೇಳಿದಳು.

"ಓಡತೈತಿ ಬೇ. ಆದ್ರ ನಿಂದ್ರೂ ಹಂಗಿಲ್ಲ. ನಿಂತ್ರ ಬಂದ್ ಬೀಳತೈತಿ. ಮತ್ತ ಹತ್ತು ಮಂದಿ ನೂಕಬೇಕು."

"ಹಂಗಾರ ನಿಂದ್ರಸಬ್ಯಾಡ."

ಶಾಂತತ್ತಿಯನ್ನು ಒಳಗೆ ಎಳೆದುಕೊಂಡು ಹೋಗಿ ಸೀರೆಗೆ ಕಚ್ಚೆ ಹಾಕಿಸಿದಳು, ಗಂಡಸರಂತೆ ಎರಡೂ ಕಡೆ ಕಾಲು ಹಾಕಿ ಕೂಡಲಿ ಎಂದು. ಓಣಿಯ ನೇಕಾರರು ಮಗ್ಗದ ಕುಣಿಗಳಿಂದ ಎದ್ದು ಬಂದರು. ಅಪ್ಪ ಕಿಕ್ ಹೊಡೆದ. "ಹೆಣ್ಣನ್ನ ಹಿಂಗ ದಬ್ಬಿ ಕಳಸೂದು ಇದ ಮೊದಲ ಸಲ ನೋಡಪಾ ಸಂಗಣ್ಣಾ!" ಎಂದು ಈರಣ್ಣಕಾಕಾ ನೂಕುತ್ತಲೇ ಕೂಗಿದ. ಗಾಡಿ ವೇಗ ಹಿಡಿಯಿತು, ಅಪ್ಪ ಗೇರ್ ಒತ್ತಿದ, ಗಾಡಿ ಒಮ್ಮೆ ಕುಪ್ಪಳಿಸಿ ಓಣಿಯಿಂದಾಚೆ ಹಾರಿತು. ಆಯಿ ಧೂಳಿನಲ್ಲಿ, ನೂಕುವಾಗ ಕಳಚಿದ ಒಂದು ಕಾಲಿನ ಚಪ್ಪಲಿ ಹುಡುಕುತ್ತ ನಿಂತಳು.

ಮುಂದಿನದನ್ನು ನಾನು ಟಾಂಕಿಯ ಮೇಲೆ, ಅಪ್ಪನ ಎರಡು ತೋಳುಗಳ ನಡುವೆ ಕೂತು ನೋಡಿದ್ದೇನೆ. ಹಾಗೆಂದು ನನ್ನ ನೆನಪು ಹೇಳುತ್ತದೆ. ಆರು ವರ್ಷದ ಮಗುವನ್ನು ಅಂಥ ಗಾಡಿಯ ಮೇಲೆ ಯಾರು ಕೂಡಿಸಿಯಾರು ಎಂದು ಬುದ್ಧಿ ಕೇಳುತ್ತದೆ. ಆದರೂ ಹುನಗುಂದದ ಪೇಟೆಯಲ್ಲಿ ಎರಡು ಎತ್ತಿನ ಗಾಡಿಗಳ ನಡುವಿನ ಸಂದಿ ನಮ್ಮ ಕಡೆ ಓಡಿಬಂದದ್ದು ನನಗೆ ಕಾಣುತ್ತದೆ. ಗೇರು ಬದಲಿಸುವಾಗ ಅಪ್ಪ ಎಕ್ಸಿಲರೇಟರನ್ನು ಒಂದು ಕೂದಲೆಳೆಯಷ್ಟು ಸಡಿಲಿಸಿ, ಎಂಜಿನ್ನು ಉಸಿರು ಬಿಡುವ ಆ ಗಳಿಗೆಯಲ್ಲೇ ಕಾಲು ಒತ್ತುತ್ತಿದ್ದದ್ದು ಕೇಳುತ್ತದೆ. ಅಮಾವಾಸ್ಯೆಗಳಲ್ಲಿ ಕಣ್ಣು ಮುಚ್ಚಿ ಕಲಿತದ್ದನ್ನೆಲ್ಲ ಅಪ್ಪ ಅವತ್ತು ಖರ್ಚು ಮಾಡಿದ.

ಕಮತಗಿ ದಾಟಿದ ಮೇಲೆ ರಸ್ತೆಯ ತುಂಬ ಕುರಿ. ನಿಲ್ಲಿಸುವಂತಿಲ್ಲ. ಅಪ್ಪ ಪಕ್ಕದ ಬಯಲಿಗೆ ಗಾಡಿ ಇಳಿಸಿ ಸುತ್ತು ಹೊಡೆಯತೊಡಗಿದ. ಹಣೆಗೆ ಭಂಡಾರ ಹಚ್ಚಿಕೊಂಡ ಕುರಿಗಾರ ಕೋಲಿಗೆ ಗಲ್ಲ ಆನಿಸಿ ನೋಡಿದ.

"ಯಣ್ಣಾ, ಗಾಣಾ ಹೊಡ್ಯಾಕತ್ತೀ ಏನ?"

"ಕುರಿ ದಾಟಸೋ ಲೇ ಲಗೂನ! ಇದು ನಿಂದ್ರೂದಿಲ್ಲ!"

"ನಮ್ಮವೂ ಹಂಗ ಯಣ್ಣಾ, ಹೊಂಟ್ರ ನಿಂದ್ರೂದಿಲ್ಲ!"

ಮುಂದಿನ ಸುತ್ತಿನಲ್ಲಿ ಶಾಂತತ್ತಿ ಕೂಗಿದಳು. "ಕಾಕಾ, ಸಾಲಿ ಕಲಸೂ ಕೆಲಸದ ಇಂಟರ್‌ವ್ಯೂ ಐತ್ರಿ ನಂದು! ಹಾದಿ ಬಿಡಸ್ರಿ!"

ಕುರಿಗಾರ ಕೋಲು ಎತ್ತಿದ. ಹೆಗಲ ಕಂಬಳಿಯನ್ನು ಬೀಸುತ್ತ ಹಿಂಡಿನ ನಡುವೆ ನುಗ್ಗಿ ಅದನ್ನು ಎರಡಾಗಿ ಸೀಳಿದ. "ಸರೀರಿ, ಸರೀರಿ, ಅಕ್ಕೋರು ಹೊಂಟಾರ!" ಎಂದ ಕುರಿಗಳಿಗೆ. ಶಾಂತತ್ತಿಯನ್ನು ಅಕ್ಕೋರು ಎಂದು ಮೊದಲು ಒಪ್ಪಿಕೊಂಡವನು ಅವನು.

ಬಾಗಲಕೋಟೆಯ ಆ ಕಂಪೌಂಡಿನಲ್ಲಿ ಜವಾನ ಅವಳ ಹೆಸರನ್ನು ಎರಡನೆಯ ಸಲ ಕೂಗುತ್ತಿದ್ದನಂತೆ. ಗಾಡಿ ನಿಲ್ಲುವ ಮೊದಲೇ ಶಾಂತತ್ತಿ "ಬಂದ್ನಿರೀ!" ಎಂದು ಹಾರಿದಳು. ಕಚ್ಚೆ ಬಿಚ್ಚಲೂ ಪುರುಸೊತ್ತಿಲ್ಲದೆ, ಹುಬ್ಬಿನ ಮೇಲೆ ಧೂಳು ಹೊತ್ತುಕೊಂಡು ಒಳಗೆ ಹೋದಳು. ಫಟಫಟಿ ಒಂದು ಗೋಡೆಯ ಪಕ್ಕ ಮುಗ್ಗರಿಸಿ ಬಂದ್ ಬಿತ್ತು. ಆ ಗೋಡೆ, ಆ ಕಂಪೌಂಡು, ಅಪ್ಪ ಹೊಸ ವಾಯರು ಕೊಂಡ ಅಂಗಡಿಯ ಓಣಿ, ಎಲ್ಲದರ ಮೇಲೆ ಈಗ ಅಣೆಕಟ್ಟಿನ ಹಿನ್ನೀರು ನಿಂತಿದೆ.

ಸೀಟು ಸಿಕ್ಕಿತು. ಪತ್ರ ಬಂದ ದಿನ ಆಯಿ ತಾನೇ ಹಳೆಯ ಸೀರೆಗಳನ್ನು ಕೂಡಿಸಿ ಹಾಸ್ಟೆಲ್ಲಿಗೆ ಕೌದಿ ಹೊಲಿಯಲು ಕೂತಳು. ಶಾಂತತ್ತಿ ಬೇವೂರಿನಲ್ಲಿ, ತುಳಸಿಗೇರಿಯಲ್ಲಿ, ಇನ್ನೂ ಎಲ್ಲೆಲ್ಲೋ ಮೂವತ್ತಕ್ಕೂ ಹೆಚ್ಚು ವರ್ಷ ಕಲಿಸಿದಳು. ಓಣಿಯ ಹುಡುಗಿಯರಲ್ಲಿ ಅವಳ ಹಿಂದೆ ಮೂವರು ಹೋದರು, ಅವರ ಹಿಂದೆ ಎಷ್ಟು ಹೋದರೋ. ಆಯಿ ಇಲ್ಲ. ಅಪ್ಪ ಇಲ್ಲ. ಫಟಫಟಿಯನ್ನು ಬಾದಾಮಿಯ ಯಾರೋ ಕೊಂಡುಹೋದರು. ಮಗ್ಗದ ಕುಣಿಗಳನ್ನು ಮುಚ್ಚಿ ಮೇಲೆ ಫರಸಿಕಲ್ಲು ಹಾಸಿದ್ದಾರೆ.

ಹುಬ್ಬಳ್ಳಿಯಿಂದ ನಾನು ಊರಿಗೆ ಹೋಗಲಿಲ್ಲ, ಬಾಗಲಕೋಟೆಯ ನವನಗರದಲ್ಲಿರುವ ಶಾಂತತ್ತಿಯ ಮನೆಗೆ ಹೋದೆ. ಟಾಂಕಿಯ ಮೇಲೆ ನಾನಿದ್ದೆನೋ ಇಲ್ಲವೋ ಎಂದು ಕೇಳಿದೆ.

"ಎಲ್ಲೀದವ್ವಾ? ನೀ ಓಣ್ಯಾಗ ನಿಂತ ಅಳಾಕತ್ತಿದ್ದಿ, ನಾನೂ ಬರ್ತೇನಿ ಅಂತ." ಚಹಾ ಬಸಿದು ಬಟ್ಟಲನ್ನು ನನ್ನ ಮುಂದೆ ಸರಿಸಿದಳು. "ಆ ಕುರಿ ಅಡ್ಡ ಬಂದಾಗ ಬಯಲಾಗ ತಿರಗಿದ್ವಿ ನೋಡು, ಆವಾಗ ಅಣ್ಣ ನಗಾಕತ್ತಿದ್ದ. ದನಿ ಇಲ್ಲ. ಬೆನ್ನ ಒಂದ ಅಲಗತಿತ್ತು. ನಾ ಅದಕ್ಕ ಹಣಿ ಹಚ್ಚಿ ಕುಂತಿದ್ನಿ."

ಅಪ್ಪ ನಕ್ಕದ್ದನ್ನು ನಾನು ಎಂದೂ ಕಂಡವಳಲ್ಲ. ಟಾಂಕಿಯ ಮೇಲೆ, ಆ ಎದೆಗೆ ಒರಗಿ ನಾನು ಕೂತಿದ್ದರೆ ಆ ನಗು ನನ್ನ ಬೆನ್ನಿಗೂ ತಾಗಬೇಕಿತ್ತು. ಎಷ್ಟು ಹುಡುಕಿದರೂ ಹಾಗೆ ತಾಗಿದ ನೆನಪಿಲ್ಲ. ಹಾಗಾದರೆ ನಾನು ಅಲ್ಲಿರಲಿಲ್ಲ. ಆ ನಗು ಇತ್ತು.